ಘಾಟಿಯಲ್ಲಿ ಓಮ್ನಿ ಆಫ್ ಆಗಿ ತಣಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ
ಕಾರ್ಬುರೇಟರ್ ಇರುವ ಹಳೆ ಮಾರುತಿ ಓಮ್ನಿ, ಒಳಗೆ ಐದು ಜನ, ಚಾರ್ಮಾಡಿ ಹತ್ತುವಾಗ ಆಫ್, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್: ಹೆಚ್ಚಾಗಿ ಇದು ವೇಪರ್ ಲಾಕ್. ಇಂಜಿನ್ ಮುಂದಿನ ಸೀಟಿನಡಿ ಇರುವುದರಿಂದ ಶಾಖ ಅಲ್ಲೇ ನಿಂತು ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ, ಪಂಪಿಗೆ ಎಳೆಯಲು ಆಗುವುದಿಲ್ಲ. ಆದರೆ ಪ್ಲಗ್‌ನ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಗೆ ಕೈಕೊಟ್ಟರೂ ಲಕ್ಷಣ ಇದೇ. ಹಾಗಾಗಿ ನಿಂತ ಜಾಗದಲ್ಲೇ ನೋಡಬೇಕು, ತಣಿದ ಮೇಲೆ ಗ್ಯಾರೇಜಿಗೆ ಒಯ್ದರೆ ಏನೂ ಸಿಗದು.

ಚಕ್ರಕ್ಕೆ ಕಲ್ಲು ಕೊಟ್ಟು ಗೇರ್ ನ್ಯೂಟ್ರಲ್ ಮಾಡಿ. ಪೆಟ್ರೋಲ್ ವಾಸನೆ ಇಲ್ಲ ಅನ್ನುವುದು ಖಾತ್ರಿಯಾದ ಮೇಲೆ ಸೀಟೆತ್ತಿ ಒಂದು ಪ್ಲಗ್ ವೈರ್ ಕಿತ್ತು ಸ್ಪೇರ್ ಪ್ಲಗ್ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್‌ಗೆ ತಾಗುವಂತೆ ಇನ್ಸುಲೇಟೆಡ್ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಕಿಡಿ ಬರಲಿಲ್ಲ, ಇಲ್ಲವೇ ಕೆಂಪಗೆ ಸಪ್ಪೆ ಬಂತು ಅಂದರೆ ಮೊದಲ ಅನುಮಾನ ಕಾಯಿಲ್ ಮೇಲೆ.

ನೀಲಿ ಕಿಡಿ ಚಟಚಟ ಅಂದರೆ ಅನುಮಾನ ವೇಪರ್ ಲಾಕ್ ಮೇಲೆ; ಪಂಪು, ಪೈಪಿಗೆ ಒದ್ದೆ ಬಟ್ಟೆ ಸುತ್ತಿ 10–15 ನಿಮಿಷ ಬಿಡಿ; ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ನೀರು ತಾಗಬಾರದು. ಹೊರಟಿತೋ, ಊರಿಗೆ ಬಂದು ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪ್, ಕ್ಲಿಪ್, ಫಿಲ್ಟರ್ ಎಲ್ಲ ಹೊಸದು ಹಾಕಿಸಿ. ಹಳೆ ಪೈಪಿನ ಬಿರುಕು ಗಾಳಿ ಎಳೆದರೂ ಇದೇ ಗೋಳು. ಟೆಂಪರೇಚರ್ ಮುಳ್ಳೂ ಏರುತ್ತಿದ್ದರೆ ಮೊದಲು ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ ನೋಡಿ. ಬಿಸಿಯಿರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ.