ಆ 40 ಕೋಟಿ ಯಾವುದರ ಲೆಕ್ಕ?

ಪ್ರಶ್ನೆ: ಮೇಡಂ, ಮುಂಗೈ ಚರ್ಮದೊಳಗೆ ಬೆಳಕು ಹರಡುವುದನ್ನು ಎಂಸಿಎಕ್ಸ್‌ನಲ್ಲಿ (ಬೆಳಕಿನ ಹಾದಿಯನ್ನು ಲೆಕ್ಕ ಹಾಕುವ ತಂತ್ರಾಂಶ) ಸಿಮ್ಯುಲೇಟ್ ಮಾಡುತ್ತಿದ್ದೇನೆ. 1 ಮಿ.ಮೀ. ಘನಗಳು, ಕಾಲಾವಧಿ ಒಂದೇ, 5 ನ್ಯಾನೋಸೆಕೆಂಡ್. ಮೂಲ, ಸೂಜಿಯಂಥ ಕಿರಣ. ಬೆಳಕು ಒಳಹೋಗುವ ಘನದಲ್ಲಿ ಸುಮಾರು 40 ಕೋಟಿ ಎಂದು ಬರುತ್ತದೆ. ಫೋಟಾನ್‌ಗಳನ್ನು 10 ಲಕ್ಷದಿಂದ 10 ಕೋಟಿಗೆ ಏರಿಸಿದರೂ ಅದು ಬದಲಾಗಲಿಲ್ಲ. ನಮ್ಮ ಲೇಸರ್ 5 ಮಿಲಿವಾಟ್, 850 ನ್ಯಾನೋಮೀಟರ್. ಅಲ್ಲಿ ನಿಜವಾಗಿ ಎಷ್ಟು ಬೆಳಕಿದೆ?
— ಎಂ.ಟೆಕ್. ವಿದ್ಯಾರ್ಥಿನಿ, ಕೋಥ್ರೂಡ್, ಪುಣೆ

ಉತ್ತರ: ತಂಗೀ, ಬದಲಾಗದಿದ್ದದ್ದೇ ಸರಿ. ನೀನು ಬಿಟ್ಟದ್ದು ನಿಜವಾದ ಫೋಟಾನ್‌ಗಳಲ್ಲ, ತಲಾ ಒಂದಿಷ್ಟು ಬೆಳಕಿನ ಪಾಲನ್ನು ತೂಕವಾಗಿ ಹೊತ್ತ ಮಾದರಿಗಳು. ನಿನ್ನ ಲೇಸರಿನಿಂದ ಸೆಕೆಂಡಿಗೆ ಹೊರಡುವ ಫೋಟಾನ್‌ಗಳು 2ರ ಮುಂದೆ 16 ಸೊನ್ನೆಯಷ್ಟು. ಅಷ್ಟನ್ನು ಯಾವ ಕಂಪ್ಯೂಟರೂ ಎಣಿಸದು. ಎಷ್ಟೇ ಬಿಟ್ಟರೂ ತಂತ್ರಾಂಶ ಅವುಗಳ ಒಟ್ಟು ಶಕ್ತಿಯನ್ನು 1 ಎಂದು ಹಿಡಿದು ಭಾಗಿಸುತ್ತದೆ. ನೂರು ಪಟ್ಟು ಹೆಚ್ಚಿಸಿದ್ದಕ್ಕೆ ನಿನಗೆ ಸಿಕ್ಕ ಲಾಭ, ಏರಿಳಿತ ಹತ್ತರಲ್ಲಿ ಒಂದು ಪಾಲಿಗೆ ಇಳಿದದ್ದು.

ಇನ್ನು 40 ಕೋಟಿ. ಅದು ಫ್ಲೂಯೆನ್ಸ್‌ನ, ಅಂದರೆ ಆ ಜಾಗವನ್ನು ಹಾದುಹೋಗುವ ಬೆಳಕಿನ, ದರ: ಸೆಕೆಂಡಿಗೆ, ಚದರ ಮಿ.ಮೀ.ಗೆ ಇಷ್ಟು ಎಂದು. 5 ನ್ಯಾನೋಸೆಕೆಂಡಿನಿಂದ ಗುಣಿಸಿದರೆ 2 ಉಳಿಯುತ್ತದೆ. ಅದನ್ನು 5 ಮಿಲಿವಾಟಿನಿಂದ ಗುಣಿಸು: ಚದರ ಮಿ.ಮೀ.ಗೆ 10 ಮಿಲಿವಾಟ್. ಕಾಲವನ್ನು ಹಲವು ತುಂಡು ಮಾಡಿದ್ದರೆ ಪ್ರತಿಯೊಂದನ್ನೂ ಅದರದೇ ಅವಧಿಯಿಂದ ಗುಣಿಸಿ ಕೂಡಬೇಕು. ಪಲ್ಸ್ ಲೇಸರಾದರೆ ವಾಟ್ ಬದಲು ಒಂದು ಪಲ್ಸ್‌ನ ಜೂಲ್.

ಒಂದು ಚದರ ಮಿ.ಮೀ.ಗೆ 5 ಬಿಟ್ಟರೆ 10 ಹೇಗಾಯಿತು ಎಂದು ನೀನು ಕೇಳಲೇಬೇಕು. ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ನಿಂತು ದಾಟುವವರನ್ನು ಎಣಿಸು. ಹೋಗಿ ಮರಳಿದವನು ಎರಡು ಸಲ ಲೆಕ್ಕಕ್ಕೆ ಸಿಗುತ್ತಾನೆ. ಫ್ಲೂಯೆನ್ಸ್ ಎಣಿಸುವುದೂ ಹಾಗೆಯೇ, ಎಲ್ಲ ದಿಕ್ಕಿನಿಂದ ಹಾದದ್ದನ್ನು. ಚರ್ಮ ಬೆಳಕನ್ನು ಹಿಂದಕ್ಕೂ ಚದುರಿಸುತ್ತದಲ್ಲ. ಶಕ್ತಿ ಹುಟ್ಟಿಕೊಂಡಿಲ್ಲ. ಆ ಜಾಗ ಹೀರಿದ್ದೆಷ್ಟು ಎಂದು ತಿಳಿಯಲು ಹೀರಿಕೆಯ ಗುಣಾಂಕದಿಂದ (ಚರ್ಮ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಅಳತೆ) ಗುಣಿಸು: ಮಿ.ಮೀ.ಗೆ 0.02 ಆದರೆ ಘನ ಮಿ.ಮೀ.ಗೆ 0.2 ಮಿಲಿವಾಟ್.

ಇಲ್ಲಿ ನನಗೊಂದು ಕಳವಳವಿದೆ, ಏಕೆಂದರೆ ನಾಳೆ ಆ ಉಪಕರಣ ಯಾರದೋ ಕೈಮೇಲೆ ಕೂರುತ್ತದೆ. ಆ 10ನ್ನು ಚರ್ಮದ ಸುರಕ್ಷತಾ ಮಿತಿಯ ಪಕ್ಕದಲ್ಲಿಟ್ಟು ಹೋಲಿಸಬೇಡ. ಮಿತಿಗಳನ್ನು ಹೇಳುವುದು ಹೊರಗಿನಿಂದ ಚರ್ಮದ ಮೇಲೆ ಬೀಳುವ ಬೆಳಕಿಗೆ. ನಿನ್ನದು ಒಳಗಿನ ಲೆಕ್ಕ, ಅದೂ ಇಡೀ ಘನದ ಸರಾಸರಿ. ಮೇಲಾಗಿ ನಿಜವಾದ ಲೇಸರ್ ಚುಕ್ಕೆ 3 ಮಿ.ಮೀ. ಅಗಲವಿದ್ದರೆ ಮೇಲ್ಮೈಯ ಸಂಖ್ಯೆ ಬಹಳ ಇಳಿಯುತ್ತದೆ, ಆಳದಲ್ಲಿ ವ್ಯತ್ಯಾಸ ಕಡಿಮೆ. ಮೂಲವನ್ನು ತಟ್ಟೆಯಾಕಾರಕ್ಕೆ ಬದಲಿಸಿ ಮತ್ತೆ ಓಡಿಸು. ಆಗಲೂ ಗುಣಿಸಬೇಕಾದದ್ದು ಲೇಸರಿನ ಒಟ್ಟು 5 ಮಿಲಿವಾಟಿನಿಂದ, ಚದರ ಮಿ.ಮೀ.ಗೆ ಬೀಳುವ ಪಾಲಿನಿಂದಲ್ಲ.

ಗೈಡ್‌ಗೆ ತೋರಿಸುವ ಮೊದಲು ಪ್ರತಿ ಘನದ ಫ್ಲೂಯೆನ್ಸ್, ಹೀರಿಕೆಯ ಗುಣಾಂಕ, ಗಾತ್ರ ಮೂರನ್ನೂ ಗುಣಿಸಿ ಕೂಡು. ಮಿಲಿವಾಟ್ ಸೇರಿಸುವುದಕ್ಕೆ ಮುಂಚಿನ ಸಂಖ್ಯೆಗಳನ್ನೇ ತೆಗೆದುಕೋ. ಅದಕ್ಕೆ ಹೊರಹೋದ ಬೆಳಕಿನ ಪಾಲು ಸೇರಿಸಿದರೆ 1ರ ಹತ್ತಿರ ಬರಬೇಕು. ಬಾರದಿದ್ದರೆ ಮೊದಲು ಕಾಲಾವಧಿಯ ಗುಣಾಕಾರವನ್ನು, ಆಮೇಲೆ ಘನದ ಅಳತೆಯನ್ನು ಪರೀಕ್ಷಿಸು.