ಹಳೇ ಜೀಪಿನ ಬ್ರೇಕ್ ಪೆಡಲ್ ಮೆತ್ತಗಿದೆ, ಏರ್ ತೆಗೆಸಿದರೂ ಸರಿಹೋಗುತ್ತಿಲ್ಲ. ಮಾಸ್ಟರ್ ಸಿಲಿಂಡರ್ ಬದಲಿಸಬೇಕಾ?

ನೀವು ಬರೆದದ್ದು ಇಷ್ಟು: ಎಂಬತ್ತರ ದಶಕದ ಮಹೀಂದ್ರಾ ಜೀಪು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲ, ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಪಂಪು) ಡ್ರೈವರ್ ಕಾಲಡಿಯಲ್ಲಿ. ಪೆಡಲ್ ಸ್ಪಂಜು ತುಳಿದ ಹಾಗೆ ಆಗುತ್ತದೆ. ಬ್ರೇಕ್ ಪೈಪಿನಲ್ಲಿ ಸೇರಿದ ಏರನ್ನು ಎರಡು ಸಲ ತೆಗೆಸಿದ್ದೀರಿ. ಈಗ ಗ್ಯಾರೇಜಿನಲ್ಲಿ ಮಾಸ್ಟರ್ ಬದಲಿಸಿ ಅನ್ನುತ್ತಿದ್ದಾರೆ.

ಸ್ವಲ್ಪ ತಡೆಯಿರಿ. ಕೊಪ್ಪದ ಕಡೆ ನಮ್ಮ ತೋಟದ ಜೀಪಿಗೂ ಇದೇ ಕಾಯಿಲೆ ಬಂದಿತ್ತು. ಹೊಸ ಮಾಸ್ಟರ್ ಹಾಕಿಸಿದೆ, ಒಂದು ಲೀಟರಿಗಿಂತ ಜಾಸ್ತಿ ಬ್ರೇಕ್ ಆಯಿಲ್ ಸುರಿದೆ. ಪೆಡಲ್ ಮಾತ್ರ ಹಾಗೇ ಇತ್ತು. ತಪ್ಪು ಇದ್ದದ್ದೇ ಬೇರೆ ಕಡೆ. ಆ ಕಥೆ ಆಮೇಲೆ ಹೇಳುತ್ತೇನೆ. ಬ್ರೇಕ್ ಸರಿಹೋಗುವವರೆಗೆ ಜೀಪನ್ನು ರಸ್ತೆಗೆ ಇಳಿಸಬೇಡಿ. ಈ ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ.

"ಮೆತ್ತಗಿದೆ" ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಕಾಯಿಲೆಗಳು ಸೇರಿಕೊಂಡಿರುತ್ತವೆ. ನಿಂತಲ್ಲೇ ಪೆಡಲನ್ನು ಬೇಗ ಬೇಗ ಮೂರು ಸಲ ತುಳಿದು, ಮೂರನೇ ಸಲ ಒತ್ತಿ ಹಿಡಿಯಿರಿ. ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಆಯಿಲ್ ಕಡೆ ತೊಂದರೆ ಕಡಿಮೆ, ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಶೂಗಳ ಅಡ್ಜಸ್ಟ್‌ಮೆಂಟ್ ಸಡಿಲ ಆಗಿದೆ. ಮೇಲೆ ಬಂದರೂ ಸ್ಪ್ರಿಂಗಿನ ಹಾಗೆ ಪುಟಿಯುತ್ತಿದ್ದರೆ ಏರ್ ಇರಬಹುದು, ಅಥವಾ ಒತ್ತಡಕ್ಕೆ ಏನೋ ಒಂದು ಉಬ್ಬುತ್ತಿದೆ ಇಲ್ಲವೇ ಬಾಗುತ್ತಿದೆ. ಒಂದು ನಿಮಿಷ ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗೆ ಜಾರುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಚಕ್ರಗಳ ಒಳಬದಿ, ಪೈಪಿನ ಜಾಯಿಂಟು, ಮಾಸ್ಟರಿನ ಹಿಂಭಾಗದ ರಬ್ಬರ್ ಬೂಟು, ಎಲ್ಲ ಕಡೆ ನೋಡಿ. ಎಲ್ಲೂ ಒದ್ದೆ ಇಲ್ಲ, ಆದರೂ ಜಾರುತ್ತದೆ ಅಂದರೆ ಮಾತ್ರ ಮಾಸ್ಟರಿನ ಒಳಗೆ ಆಯಿಲ್ ತಡೆಯುವ ರಬ್ಬರ್ ಕಪ್ ಮೇಲೆ ಅನುಮಾನ ಪಡಿ. ನಿಮ್ಮ ಪೆಡಲ್ ಜಾರುವುದಿಲ್ಲ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಹಾಗಾದರೆ ಮಾಸ್ಟರಿಗೆ ದುಡ್ಡು ಹಾಕುವ ಮೊದಲು ಬೇರೆ ಎಲ್ಲ ನೋಡಿ.

ಮೊದಲು ಅಡ್ಜಸ್ಟ್‌ಮೆಂಟು. ಈ ಜೀಪುಗಳ ಡ್ರಮ್ ತಾನಾಗಿ ಅಡ್ಜಸ್ಟ್ ಆಗುವುದಿಲ್ಲ. ಡ್ರಮ್ಮಿನ ಒಳಬದಿ ಮುಚ್ಚುವ ಬ್ಯಾಕ್ ಪ್ಲೇಟಿನ ಹಿಂದೆ ಪ್ರತಿ ಶೂಗೂ ಒಂದು ಕ್ಯಾಮ್ ಬೋಲ್ಟ್ ಇರುತ್ತದೆ. ಚಕ್ರ ಎತ್ತಿ, ಕೈಯಲ್ಲಿ ತಿರುಗಿಸುತ್ತಾ, ಶೂ ಡ್ರಮ್ಮಿಗೆ ಉಜ್ಜುವವರೆಗೆ ಕ್ಯಾಮ್ ತಿರುಗಿಸಿ. ಆಮೇಲೆ ಚಕ್ರ ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಿ.

ಇಲ್ಲಿ ಒಂದು ಎಚ್ಚರಿಕೆ. ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಇಂಜಿನ್ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ಎತ್ತಿದಿರೋ, ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗಿ, ನೆಲದ ಮೇಲಿರುವ ಚಕ್ರ ಉರುಳಬಹುದು. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ, ಗೇರ್‌ನಲ್ಲಿ ಇದ್ದರೂ ಅಷ್ಟೇ. ಮಿಕ್ಕ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೇ ಜಾಕ್ ಹಾಕಿ.

ಇನ್ನು ಏರ್. ಎರಡು ಸಲ ತೆಗೆಸಿದೆ ಅಂದಿರಿ, ಯಾವ ಚಕ್ರದಿಂದ ಶುರು ಮಾಡಿದರು ಅಂತ ಕೇಳಿ ನೋಡಿ. ಮಾಸ್ಟರಿಗೆ ತೀರಾ ದೂರದ ಚಕ್ರ ಮೊದಲು. ನಮ್ಮ ಬಲಗೈ ಡ್ರೈವಿಂಗಿನ ಜೀಪಿನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಹಿಂದೆ ಏರ್ ಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಪೆಡಲ್ ತುಳಿಯುವಾಗ ನಿಪ್ಪಲ್ ತೆರೆದು, ಪೆಡಲ್ ಕೆಳಗಿದ್ದಾಗಲೇ ಮುಚ್ಚಬೇಕು. ಮಾಸ್ಟರಿನಲ್ಲಿ ಆಯಿಲ್ ಖಾಲಿಯಾಗಲು ಬಿಟ್ಟರೆ ಮೊದಲಿಂದ ಶುರು. ಫ್ಲೋರಿನ ಕೆಳಗೆ ಇರುವುದರಿಂದ ಅದು ಮರೆತೇ ಹೋಗುತ್ತದೆ, ಒಬ್ಬರು ಅದನ್ನೇ ನೋಡಿಕೊಂಡಿರಲಿ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಕೆಸರು ಒರೆಸಿ.

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದ್ದಾಗಿರಲಿ. ಇಂಜಿನ್ ಆಯಿಲ್ ಒಂದು ಹನಿ ಬಿದ್ದರೂ ಕಪ್‌ಗಳು ಉಬ್ಬಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯುವುದು ಕಡಿಮೆ ಎಂದರೂ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು ಸೇರಿದ ಮೇಲೆ ಅದು 140ರ ಹತ್ತಿರಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿ ಇಳಿದಾಗ ಮೆತ್ತಗಾಗಿ, ತಣ್ಣಗಾದ ಮೇಲೆ ತಾನೇ ಸರಿಹೋಗುವ ಪೆಡಲಿಗೆ ಸಾಮಾನ್ಯವಾಗಿ ಹೀಗೆ ಆಯಿಲ್ ಕುದಿದು ಏಳುವ ಆವಿಯೇ ಕಾರಣ. ನಿಮ್ಮದು ಬೆಳಿಗ್ಗೆ ಶೆಡ್ಡಿನಲ್ಲೇ ಮೆತ್ತಗಿದೆ, ಹಾಗಾಗಿ ಇದಲ್ಲ.

ಈಗ ನನ್ನ ಕಥೆ. ಮುಂದಿನ ಎರಡು ಡ್ರಮ್‌ಗಳಲ್ಲಿ ಗೀರು ಬಿದ್ದಿತ್ತು ಅಂತ ಲೇತಿಗೆ ಕೊಟ್ಟು ಒಳಮೈ ಹೆರೆಸಿ ಟರ್ನಿಂಗ್ ಮಾಡಿಸಿದ್ದೆ, ಶೂಗಳ ಮೇಲೆ ಡ್ರಮ್ಮಿಗೆ ಉಜ್ಜುವ ಹೊಸ ಲೈನರ್ ಹೊಡೆಸಿದ್ದೆ. ಅವತ್ತಿನಿಂದಲೇ ಪೆಡಲ್ ಮೆತ್ತಗೆ. ಆದರೆ ಹೊಸದಾಗಿ ಹಾಕಿಸಿದ್ದರ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ! ಮಾಸ್ಟರ್ ಬದಲಿಸಿ, ನಾಲ್ಕು ಸಲ ಏರ್ ತೆಗೆದು ಸೋತ ಮೇಲೆ, ಪರಿಚಯದ ಒಬ್ಬ ಹಳೇ ಮೆಕ್ಯಾನಿಕ್ ಮುಂದಿನ ರಬ್ಬರ್ ಹೋಸ್‌ಗಳಿಗೆ ಕ್ಲಾಂಪ್ ಹಾಕಿ "ಈಗ ತುಳೀರಿ" ಅಂದರು. ಪೆಡಲ್ ಕಲ್ಲಿನ ಹಾಗೆ ನಿಂತಿತು. ಅಂದರೆ ಮಾಸ್ಟರ್ ಸರಿ ಇದೆ, ಹಿಂದಿನ ಚಕ್ರಗಳೂ ಸರಿ ಇವೆ. ಕ್ಲಾಂಪಿನ ಆಚೆಗೆ, ಮುಂದಿನ ಚಕ್ರದಲ್ಲೇ ತೊಂದರೆ.

ಡ್ರಮ್ ಕಳಚಿ, ಶೂ ಬಿಚ್ಚಿ, ಬರೀ ಶೂವನ್ನು ಡ್ರಮ್ಮಿನ ಒಳಗೆ ಇಟ್ಟು ಬೆರಳಲ್ಲಿ ಒತ್ತಿ ತೋರಿಸಿದರು. ಶೂ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಟರ್ನಿಂಗ್ ಮಾಡಿಸಿ ಡ್ರಮ್ಮಿನ ಒಳಸುತ್ತು ದೊಡ್ಡದಾಗಿದೆ, ಲೈನರಿನ ಬಾಗು ಹಳೇ ಅಳತೆಯದ್ದೇ. ನಡುವೆ ಮಾತ್ರ ತಾಗುತ್ತದೆ, ಎರಡೂ ತುದಿಯಲ್ಲಿ ಸಂದಿ. ತುಳಿದಾಗ ಶೂ ಬಿಲ್ಲಿನ ಹಾಗೆ ಬಾಗಿ ಆ ಸಂದಿ ತುಂಬಬೇಕು. ಕಾಲಿಗೆ ಸ್ಪಂಜಿನ ಹಾಗೆ ಅನಿಸುವುದು ಆ ಬಾಗುವಿಕೆ. ಅಲ್ಲಿ ಇಲ್ಲದ ಏರನ್ನು ನಾಲ್ಕು ಸಲ ತೆಗೆದಿದ್ದೆ ನಾನು.

ದಪ್ಪ ಲೈನರ್ ಹೊಡೆಸಿ, ಆ ಡ್ರಮ್ಮಿನ ಬಾಗಿಗೆ ಸರಿಯಾಗಿ ಗ್ರೈಂಡ್ ಮಾಡಿಸಿದ ಮೇಲೆ ಸರಿಹೋಯಿತು. ಡ್ರಮ್ ತೀರಾ ತೆಳ್ಳಗಾಗಿದ್ದರೆ ಹೊಸ ಡ್ರಮ್ಮೇ ದಾರಿ.

ನೀವೂ "ಹೋದ ತಿಂಗಳು ಲೈನರ್ ಬದಲಿಸಿದೆ" ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಅದಕ್ಕೇ ಇಷ್ಟುದ್ದ ಬರೆದೆ. ಹೋಸ್ ಹಳೆಯದಾಗಿದ್ದರೆ ಕ್ಲಾಂಪ್ ಹಾಕಬೇಡಿ, ಒಳಗೇ ಸೀಳಬಹುದು. ಮೊದಲು ಹೋಸ್ ಬದಲಿಸಿ. ಬದಲಿಸುವ ಮುಂಚೆ, ಒಬ್ಬರು ಪೆಡಲ್ ತುಳಿಯುವಾಗ ಹಳೇ ಹೋಸನ್ನು ಕೈಯಲ್ಲಿ ಹಿಡಿದು ನೋಡಿ, ಉಬ್ಬುವುದು ಕೈಗೆ ಸಿಕ್ಕರೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕ ಹಾಗೆ. ಆಮೇಲೆ ಲೈನರಿಗೆ ಸೀಮೆಸುಣ್ಣ ಉಜ್ಜಿ, ಡ್ರಮ್ ಕೂರಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಚಕ್ರ ಒಂದೆರಡು ಸುತ್ತು ತಿರುಗಿಸಿ ಬಿಚ್ಚಿ. ಸುಣ್ಣ ಅಳಿಸಿದ ಜಾಗ ಮಾತ್ರ ತಾಗುತ್ತಿದೆ. ಒಳಗಿನ ಧೂಳನ್ನು ಮಾತ್ರ ಬಾಯಲ್ಲಿ ಊದಬೇಡಿ, ಏರ್ ಗನ್ನೂ ಬೇಡ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಸುಣ್ಣ ಎಲ್ಲಿ ಅಳಿಸಿದೆ ಅಂತ ಒಂದು ಫೋಟೋ ತೆಗೆದು ಹಾಕಿ, ನೋಡಿ ಹೇಳುತ್ತೇನೆ.