ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಪ್ರಶ್ನೆ: ತಂದೆಯವರಿಗೆ 76 ವರ್ಷ. ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿದೆ. ಅರಬೈಲು ಘಟ್ಟದ ತಿರುವುಗಳಲ್ಲಿ ಅವರಿಗೆ ವಾಂತಿಯಾಗುತ್ತದೆ, ಹಾಗಾಗಿ ವಿಮಾನದ ಯೋಚನೆ. ಹುಬ್ಬಳ್ಳಿ–ಮಂಗಳೂರು 266 ಕಿ.ಮೀ., ಹಾರಾಟ 20 ನಿಮಿಷ ಎಂದು ಒಂದು ಕಡೆ ಓದಿದೆ. ಟಿಕೆಟ್ ಹುಡುಕಿದರೆ ನಾಲ್ಕೈದು ಗಂಟೆ ಎಂದು ತೋರಿಸುತ್ತಿದೆ. ಯಾವುದು ನಿಜ?
– ಓದುಗರು, ಧಾರವಾಡ

ಉತ್ತರ: 266 ಕಿ.ಮೀ. ಸರಿಯಾದ ಲೆಕ್ಕವೇ. ಎರಡು ನಿಲ್ದಾಣಗಳ ನಡುವೆ ಭೂಮಿಯ ಮೇಲೆ ದಾರ ಎಳೆದು ಹಿಡಿದರೆ ಸಿಗುವ ದೂರ ಅದು. ಆ 20 ನಿಮಿಷ ಮಾತ್ರ ನಂಬಬೇಡಿ. ದೊಡ್ಡ ಜೆಟ್ ವಿಮಾನದ ಗಂಟೆಗೆ 800 ಕಿ.ಮೀ. ವೇಗದಿಂದ ದೂರವನ್ನು ಭಾಗಿಸಿ ಬಂದ ಉತ್ತರ ಅದು. ಇಂಥ ಸಣ್ಣ ದಾರಿಗಳಲ್ಲಿ ಸಾಮಾನ್ಯವಾಗಿ ಓಡಾಡುವುದು ರೆಕ್ಕೆಯಲ್ಲಿ ಪಂಖ ಇರುವ ಎಟಿಆರ್. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅದೂ ಮೇಲೇರಿ ಸಮತಟ್ಟಾದ ಮೇಲೆ.

ಇಳಿಯುವಾಗ ಪ್ರತಿ ಸಾವಿರ ಅಡಿಗೆ ಐದೂವರೆ ಕಿ.ಮೀ. ಮುಂದಕ್ಕೆ ಸಾಗಬೇಕು. ಹದಿನಾರು ಸಾವಿರ ಅಡಿಯಿಂದ ಇಳಿಯಲು ಸುಮಾರು 90 ಕಿ.ಮೀ. ಬೇಕು, ಅಂದರೆ ಕೊಲ್ಲೂರಿನ ಸುತ್ತಮುತ್ತಲೇ ಇಳಿಯಲು ಶುರು. ದಾರಿಯ ಮೂರನೇ ಒಂದು ಭಾಗ ಇಳಿಜಾರಿಗೇ ಹೋಯಿತು. ಇನ್ನೊಂದು ವಿಷಯ: ದಾರಿ ಉತ್ತರ–ದಕ್ಷಿಣ, ಆದರೆ ಹುಬ್ಬಳ್ಳಿಯ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮ, ಮಂಗಳೂರಿನ ನಿಲ್ದಾಣವಿರುವ ಬಜ್ಪೆಯದು ಈಶಾನ್ಯ–ನೈಋತ್ಯ. ಏರಿದ ಮೇಲೊಂದು ತಿರುವು, ಇಳಿಯುವ ಮೊದಲೊಂದು ತಿರುವು. ದಾರದಷ್ಟು ನೇರ ಯಾವ ವಿಮಾನವೂ ಹೋಗುವುದಿಲ್ಲ. ಟಿಕೆಟ್‌ನಲ್ಲಿರುವ ಹೊತ್ತು ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಮತ್ತೆ ನಿಲ್ಲುವವರೆಗಿನದು. ಹಾಗಾಗಿ ನೇರ ವಿಮಾನವಾದರೂ ಒಂದು ಗಂಟೆಯ ಆಸುಪಾಸು ಹಿಡಿಯಿರಿ.

ನಿಮಗೆ ಕಂಡ ನಾಲ್ಕೈದು ಗಂಟೆ ಬೆಂಗಳೂರಿನ ಮೇಲಿಂದ ಹೋಗುವ ಲೆಕ್ಕ. ಹುಬ್ಬಳ್ಳಿಯಿಂದ ಬೆಂಗಳೂರು 370 ಕಿ.ಮೀ., ಅಲ್ಲಿಂದ ಮಂಗಳೂರು 306. ಒಟ್ಟು 676, ನೇರ ದೂರದ ಎರಡೂವರೆ ಪಟ್ಟು. ನಡುವೆ ಕಾಯುವುದು ಬೇರೆ. ನೇರ ವಿಮಾನ ನಿಮ್ಮ ದಿನಕ್ಕೆ ಇದೆಯೇ ಎಂದು ಮೊದಲು ನೋಡಿ. ಸಣ್ಣ ಊರುಗಳ ನಡುವಿನ ವಿಮಾನಗಳು ವೇಳಾಪಟ್ಟಿ ಬದಲಾದಾಗ ಬರುತ್ತವೆ, ನಿಲ್ಲುತ್ತವೆ. ಹೋದ ವರ್ಷ ಯಾರೋ ಹೋಗಿಬಂದರು ಎಂದು ಈ ವರ್ಷ ಯೋಜನೆ ಹಾಕಬೇಡಿ.

ಬೆಂಗಳೂರಿನ ಮೇಲಿಂದಲೇ ಹೋಗುವುದಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದರೆ ಸಾಮಾನು ಬಿಡಿಸಿಕೊಂಡು ಮತ್ತೆ ಕೊಡಬೇಕು; ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ನಷ್ಟ ನಿಮ್ಮದೇ. ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ, ಕನಿಷ್ಠ 48 ಗಂಟೆ ಮೊದಲು. ಬೆಂಗಳೂರಿನ ನಿಲ್ದಾಣದ ನಡಿಗೆ ಆ ವಯಸ್ಸಿಗೆ ಸಣ್ಣದಲ್ಲ.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ನೇರ ವಿಮಾನಕ್ಕೂ ನಾಲ್ಕು ಗಂಟೆ ಬೇಕು: ಧಾರವಾಡದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಬರುವುದು, ಒಂದೂವರೆ ಗಂಟೆ ಮೊದಲೇ ತಲುಪುವುದು, ಬಜ್ಪೆಯಿಂದ ಪೇಟೆಗೆ ಇಳಿಯುವುದು. ರಸ್ತೆಯಲ್ಲಿ ಏಳೆಂಟು ಗಂಟೆ. ತಂದೆಯವರ ಸ್ಥಿತಿ ನೋಡಿದರೆ ನೇರ ವಿಮಾನ ಸಿಕ್ಕರೆ ಅದೇ ಒಳ್ಳೆಯದು.

ಮಳೆಗಾಲದಲ್ಲಿ ಹೊರಡುವುದಾದರೆ ಮಾತ್ರ ವೈದ್ಯರ ಸಮಯಕ್ಕೆ ಒಂದು ದಿನ ಮೊದಲೇ ಹೋಗಿ. ಬಜ್ಪೆ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಮೋಡ ತಗ್ಗಿದ ದಿನ ವಿಮಾನ ಸುತ್ತು ಹಾಕುತ್ತಾ ಕಾಯಬೇಕಾಗುತ್ತದೆ, ಕೆಲವೊಮ್ಮೆ ಬೇರೆ ಊರಿಗೆ ತಿರುಗಿಸುತ್ತಾರೆ.